ಸ್ವಂತ ದುಡಿಮೆ, ಹೋಮ್ ಲೋನ್, ಜೊತೆಗೊಂದು ಇನ್ಶೂರೆನ್ಸ್

ಪ್ರಶ್ನೆ: ಸರ್, ದಾವಣಗೆರೇಲಿ ನಂದೊಂದು ಸಣ್ಣ ವೆಲ್ಡಿಂಗ್ ಶಾಪ್ ಇದೆ. 25 ಲಕ್ಷ ಹೋಮ್ ಲೋನ್ ಸ್ಯಾಂಕ್ಷನ್ ಆಗಿದೆ, ಆದ್ರೆ 1 ಲಕ್ಷದ ಲೋನ್ ಇನ್ಶೂರೆನ್ಸ್ ಮಾಡಿಸ್ಲೇಬೇಕು ಅಂತಾರೆ ಬ್ಯಾಂಕಿನೋರು. ಕೆಲಸ ಇಲ್ದೇ ಹೋದ್ರೆ ಇಎಂಐ ಅದೇ ಕಟ್ಟುತ್ತಂತೆ, ನಿಜನಾ?

ಉತ್ತರ: ಮಾಡಿಸ್ಲೇಬೇಕು ಅಂತ ರೂಲ್ ಇಲ್ಲ, ಅದನ್ನ ಬರವಣಿಗೇಲಿ ಕೊಡಿ ಅಂತ ಕೇಳಿ ನೋಡಿ, ಮಾತಿನ ಧಾಟಿನೇ ಬದಲಾಗುತ್ತೆ. ಇನ್ನು ಕೆಲಸ ಹೋದ್ರೆ ಇಎಂಐ ಕಟ್ಟೋ ಕವರ್ ಇರುತ್ತಲ್ಲ, ಅದು ಸಾಮಾನ್ಯವಾಗಿ ಸಂಬಳದವರಿಗೆ ಮಾತ್ರ, ಸ್ವಂತ ಉದ್ಯೋಗದವರನ್ನ ಎಕ್ಸ್‌ಕ್ಲೂಷನ್ ಪುಟದಲ್ಲಿ, ಅಂದ್ರೆ ಕವರ್ ಇಲ್ಲದ್ದರ ಪಟ್ಟೀಲಿ, ಸಣ್ಣ ಅಕ್ಷರದಲ್ಲಿ ಬಿಟ್ಟಿರ್ತಾರೆ, ಆರ್ಡರ್ ಕಮ್ಮಿ ಆಯ್ತು ಅಂತ ಕ್ಲೇಮ್ ಕೇಳಿದ್ರೆ ನಯಾಪೈಸೆ ಬರಲ್ಲ. ನಿಮಗೆ ಉಪಯೋಗಕ್ಕೆ ಬರೋದು ಸಾವು, ಅಪಘಾತದ ಅಂಗವೈಕಲ್ಯ, ದೊಡ್ಡ ಕಾಯಿಲೆ ಇವುಗಳ ಕವರ್ ಅಷ್ಟೆ.

ಆ 1 ಲಕ್ಷವನ್ನ ಲೋನಿಗೇ ಸೇರಿಸ್ತಾರೆ ನೋಡಿ, ಅಲ್ಲೇ ಇರೋದು ಮಜಾ. 9 ಪರ್ಸೆಂಟ್ ಬಡ್ಡೀಲಿ 20 ವರ್ಷ ಕಟ್ಟಿದ್ರೆ ಅದು ಸುಮಾರು 2.16 ಲಕ್ಷ ಆಗುತ್ತೆ, ಮೇಲಾಗಿ ಇಂಥ ಪ್ಲಾನ್‌ಗಳಲ್ಲಿ ಹೆಚ್ಚಿನವು ಸಾಲ ಇಳಿದಂಗೆ ಕವರೂ ಇಳಿಯೋವು. ನನ್ನ ಕೇಳಿದ್ರೆ ಬೇರೆಯಾಗೇ ಒಂದು ಟರ್ಮ್ ಪಾಲಿಸಿ (ಅವಧಿಯೊಳಗೆ ತೀರಿಕೊಂಡ್ರೆ ಮನೆಯವರಿಗೆ ಹಣ ಕೊಡೋ ವಿಮೆ) ತಗೊಳ್ಳಿ, ಅದಕ್ಕೆ ಕ್ರಿಟಿಕಲ್ ಇಲ್‌ನೆಸ್ ರೈಡರ್, ಅಂದ್ರೆ ದೊಡ್ಡ ಕಾಯಿಲೆಗೆ ಹೆಚ್ಚುವರಿ ಕವರ್, ಹಾಕ್ಸಿ, ಬಿಪಿ ಶುಗರ್ ಇದ್ರೆ ಮುಚ್ಚಿಡಬೇಡಿ. ಐಟಿ ರಿಟರ್ನ್ಸ್ ಸರಿಯಾಗಿರ್ಲಿ, ಆದಾಯ ಕಮ್ಮಿ ತೋರಿಸಿದ್ರೆ ಕವರೂ ಕಮ್ಮೀನೇ ಸಿಗೋದು. ಮಳೆಗಾಲದಲ್ಲಿ ಕೆಲಸ ಡಲ್ ಆಗೋದಕ್ಕೆ ಯಾವ ಪಾಲಿಸಿನೂ ಇಲ್ಲ, ಆರು ತಿಂಗಳ ಇಎಂಐ ಎಫ್‌ಡಿಲಿ ಇಟ್ಬಿಡಿ. ಈಗಾಗ್ಲೇ ಸೈನ್ ಹಾಕಿದೀರಾ? ಪಾಲಿಸಿ ಕೈಗೆ ಬಂದ 30 ದಿನದೊಳಗೆ ಫ್ರೀ ಲುಕ್ ಅಂತ, ಓದಿ ನೋಡಿ ಬೇಡ ಅನ್ನೋ ಅವಕಾಶದಲ್ಲಿ ವಾಪಸ್ ಕೊಡಬಹುದು.