ಅಳಿಯನ ಕಡೆಯ ಹಿರಿಯರನ್ನು ಅಮೆರಿಕದ ಹಳೇ ಮದುವೆ ಪುಸ್ತಕಗಳಲ್ಲಿ ಹುಡುಕೋದು ಹೇಗೆ?

ನೀವು ಕೇಳಿದ್ದು ಇಷ್ಟು: ಮಗಳು ಅಮೆರಿಕದ ಹುಡುಗನನ್ನು ಮದುವೆಯಾಗಿದ್ದಾಳೆ. ಅಳಿಯನ ಮನೆಯವರು ಕೆಂಟಕಿ, ಇಂಡಿಯಾನಾ ಕಡೆಯವರು. ಅವರಿಗೆ ಅಜ್ಜ-ಅಜ್ಜಿಯ ಹೆಸರು ಗೊತ್ತು, ಅದರಾಚೆ ಗೊತ್ತಿಲ್ಲ. ಮೊಮ್ಮಗಳಿಗೆ ಎರಡೂ ಕಡೆಯ ವಂಶವೃಕ್ಷ ಮಾಡಿಕೊಡುವ ಆಸೆ. ದಾವಣಗೆರೆಯಲ್ಲೇ ಕೂತು ಇದು ಆಗುತ್ತಾ, ಎಲ್ಲಿಂದ ಶುರು ಮಾಡಬೇಕು, ನಮ್ಮ ಕಡೆಯದ್ದೂ ಹೀಗೆ ಸಿಗುತ್ತಾ?

ಆಗುತ್ತೆ. ಬಹುಪಾಲು ಕೆಲಸ ಮನೆಯಲ್ಲೇ ಕೂತು, ದುಡ್ಡು ಕೊಡದೆ ಮಾಡಬಹುದು. ನಾನು ಓಹಾಯೊದಲ್ಲಿದ್ದೇನೆ, ನನ್ನ ಗಂಡನ ಮನೆಯವರೂ ಕೆಂಟಕಿ ಮೂಲದವರು. ಅತ್ತೆಯವರ ಕಡೆಯ ಹೆಂಗಸರನ್ನು ಹುಡುಕುತ್ತಾ ಹೋಗಿ ಈ ಹುಚ್ಚು ಹಿಡಿಯಿತು. ಹೆಂಗಸರನ್ನು ಅಂತ ಬೇಕೆಂದೇ ಹೇಳಿದೆ. ಗಂಡಸರ ಸಾಲು ಹುಡುಕುವುದು ಅಷ್ಟು ಕಷ್ಟವಲ್ಲ, ಸರ್‌ನೇಮ್ ಒಂದೇ ಉಳಿಯುತ್ತದೆ. ಮದುವೆಯಾದ ಹೆಂಗಸಿನ ತವರಿನ ಸರ್‌ನೇಮ್ ಸೆನ್ಸಸ್‌ನಲ್ಲಿ ಇರುವುದೇ ಇಲ್ಲ. ಅದು ಸಿಗುವ ಮುಖ್ಯ ಜಾಗ ಕೌಂಟಿಯ ಮದುವೆ ಪುಸ್ತಕ. ಕೌಂಟಿ ಅಂದರೆ ರಾಜ್ಯದೊಳಗೆ ನಮ್ಮ ಜಿಲ್ಲೆಯ ಥರದ್ದು. ಹಾಗಾಗಿ ಸೆನ್ಸಸ್ಸನ್ನೂ ಮದುವೆ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಓದಬೇಕು. ಒಂದನ್ನೇ ನಂಬಿ ಹೊರಟರೆ ಪ್ರತಿ ಅಜ್ಜಿಯ ಹತ್ತಿರವೂ ದಾರಿ ಮುಚ್ಚುತ್ತದೆ.

ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಸೆನ್ಸಸ್ ನಡೆದಿದೆ. ಮನೆಮನೆಯ ಪಟ್ಟಿಯನ್ನು 72 ವರ್ಷ ಗುಟ್ಟಾಗಿಟ್ಟು ಆಮೇಲೆ ಎಲ್ಲರಿಗೂ ತೆರೆಯುತ್ತಾರೆ. 1950ರದ್ದು 2022ರ ಏಪ್ರಿಲ್ 1ರಂದು ತೆರೆಯಿತು. 1960ರದ್ದಕ್ಕೆ 2032ರ ತನಕ ಕಾಯಬೇಕು. ನೀವು 1950ರಿಂದ ಶುರು ಮಾಡಿ. ಅಳಿಯನ ಅಜ್ಜ-ಅಜ್ಜಿ ಆಗ ಯಾರ ಮನೆಯಲ್ಲಿದ್ದರು ನೋಡಿ. ಅಲ್ಲಿಂದ 1940, 1930 ಅಂತ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಿರಿ. "ನಮ್ಮ ಮುತ್ತಾತ ಐರ್ಲೆಂಡಿನ ಜಮೀನ್ದಾರ" ಅಂತ ಮನೆಯವರು ಹೇಳಿದರೆ ನಗುನಗುತ್ತಾ ಬರೆದಿಟ್ಟುಕೊಳ್ಳಿ. ಆದರೆ ಐರ್ಲೆಂಡಿನಿಂದ ಮುಂದಕ್ಕೆ ಹುಡುಕಬೇಡಿ.

ಖಾತೆ ತೆರೆಯಬೇಕಾದ್ದು ಫ್ಯಾಮಿಲಿಸರ್ಚ್ ಅನ್ನುವ ವೆಬ್‌ಸೈಟಿನಲ್ಲಿ. ಉಚಿತ. ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚ್ ನಡೆಸುತ್ತದೆ. ಭಾರತದಿಂದಲೂ ಲಾಗಿನ್ ಆಗಬಹುದು. ಸೆನ್ಸಸ್ ಪುಟಗಳು, ಸಾವಿರಾರು ಕೌಂಟಿ ಪುಸ್ತಕಗಳ ಫೋಟೋಗಳು ಅಲ್ಲಿವೆ. ಕೆಲವು ಮಾತ್ರ ಅವರ ಕೇಂದ್ರಗಳಲ್ಲಿ ಅಥವಾ ಜೊತೆಗಿರುವ ಲೈಬ್ರರಿಗಳಲ್ಲಿ ಕೂತು ನೋಡಬೇಕು. ಅದಕ್ಕೆ ಮಗಳನ್ನು ಕಳಿಸಿ. ಅಂಥದ್ದೇ ಇನ್ನೊಂದು ಸೈಟ್ ಆನ್ಸೆಸ್ಟ್ರಿ ಡಾಟ್ ಕಾಮ್‌ಗೆ ಚಂದಾ ಕಟ್ಟಬೇಕು, ಆದರೆ ಅಮೆರಿಕದ ಎಷ್ಟೋ ಊರ ಲೈಬ್ರರಿಗಳಲ್ಲಿ ಅದನ್ನು ಪುಕ್ಕಟೆ ನೋಡಲು ಬಿಡುತ್ತಾರೆ.

ಈಗ ಮುಖ್ಯ ಕಷ್ಟಕ್ಕೆ ಬರ್ತೀನಿ. 1890ರ ಸೆನ್ಸಸ್ ಇಲ್ಲ. 1921ರ ಜನವರಿಯಲ್ಲಿ ವಾಷಿಂಗ್ಟನ್‌ನ ವಾಣಿಜ್ಯ ಇಲಾಖೆ ಕಟ್ಟಡಕ್ಕೆ ಬೆಂಕಿ ಬಿತ್ತು. ಪಟ್ಟಿಗಳು ಸುಟ್ಟವು, ನೀರಲ್ಲಿ ನೆಂದವು. ಉಳಿದದ್ದನ್ನೂ ಆಮೇಲೆ ಸರ್ಕಾರವೇ ನಾಶ ಮಾಡಿತು. ಆರು ಕೋಟಿಗೂ ಹೆಚ್ಚು ಜನರಲ್ಲಿ ಈಗ ಉಳಿದಿರುವುದು ಆರು ಸಾವಿರ ಚಿಲ್ಲರೆ ಹೆಸರು. ಅಂದರೆ 1880 ಆದಮೇಲೆ ನೇರ 1900. ಈ ಇಪ್ಪತ್ತು ವರ್ಷದಲ್ಲಿ ಏನಾಗುತ್ತೆ ಯೋಚಿಸಿ. 1880ರಲ್ಲಿ ಅಪ್ಪನ ಮನೆಯಲ್ಲಿ ನಾಲ್ಕು ವರ್ಷದ ಮಗುವಾಗಿದ್ದವಳು 1900ಕ್ಕೆ ಬೇರೆ ಸರ್‌ನೇಮ್‌ನಲ್ಲಿ, ಬೇರೆ ಮನೆಯಲ್ಲಿ, ಮೂರು ಮಕ್ಕಳ ತಾಯಿ. ಇಬ್ಬರೂ ಒಬ್ಬಳೇ ಅಂತ ಸೆನ್ಸಸ್ ಎಲ್ಲೂ ಹೇಳುವುದಿಲ್ಲ. ನಿಮ್ಮ ಅಳಿಯನ ಅಜ್ಜಿಯ ಅಜ್ಜಿ ಬಹುಶಃ ಇದೇ ಕಂದಕದಲ್ಲಿ ಇರುತ್ತಾಳೆ.

ದಾಟುವ ಬಗೆ ಹೀಗೆ. 1900ರ ಸೆನ್ಸಸ್ ಹಾಳೆ ಒಂದು ಚಿನ್ನದ ಗಣಿ. ಹುಟ್ಟಿದ ತಿಂಗಳು, ವರ್ಷ ಎರಡೂ ಇವೆ. ಮದುವೆಯಾಗಿ ಎಷ್ಟು ವರ್ಷ ಅಂತ ಇದೆ. ಹೆಂಗಸಿಗೆ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಬದುಕಿವೆ ಅಂತಲೂ ಇದೆ. ಮೇರಿ ಅಂತ ಒಬ್ಬಳನ್ನು ಇಟ್ಟುಕೊಳ್ಳೋಣ. ಜಾನ್‌ನ ಹೆಂಡತಿ, ಹುಟ್ಟಿದ್ದು 1876ರ ಮಾರ್ಚ್, ಮದುವೆಯಾಗಿ ಆರು ವರ್ಷ, ಹೆತ್ತದ್ದು ನಾಲ್ಕು, ಉಳಿದದ್ದು ಮೂರು. ಅಪ್ಪ ಹುಟ್ಟಿದ್ದು ವರ್ಜೀನಿಯಾದಲ್ಲಿ, ಅಮ್ಮ ಕೆಂಟಕಿಯಲ್ಲಿ. 1900ರಲ್ಲಿ ಆರು ಕಳೆದರೆ ಮದುವೆ 1893-94ರ ಸುಮಾರು. ಈಗ ಆ ಕೌಂಟಿಯ ಮದುವೆ ಪುಸ್ತಕದಲ್ಲಿ 1892ರಿಂದ 1896ರವರೆಗೆ ಜಾನ್‌ನ ಸರ್‌ನೇಮ್ ಹುಡುಕಿ. ವಧು ಮೇರಿ, ಜೊತೆಗೆ ಅವಳ ತವರಿನ ಸರ್‌ನೇಮ್ ಸಿಕ್ಕಿತು ಅನ್ನಿ. ಅದನ್ನು ಹಿಡಿದು 1880ರ ಸೆನ್ಸಸ್‌ಗೆ ಹೋಗಿ. ಆ ಸರ್‌ನೇಮ್‌ನ ಮನೆಯಲ್ಲಿ ನಾಲ್ಕು ವರ್ಷದ ಮೇರಿ ಇದ್ದಾಳಾ? ಅಪ್ಪ ವರ್ಜೀನಿಯಾ, ಅಮ್ಮ ಕೆಂಟಕಿಯಾ? ಕೂಡಿಬಂದರೆ ಒಂದು ತಲೆಮಾರು ದಾಟಿದಿರಿ. ಮನೆಯ ಯಜಮಾನನಿಗೆ ಏನಾಗಬೇಕು ಅಂತ ಬರೆಯುವುದು ಶುರುವಾದದ್ದೇ 1880ರಲ್ಲಿ. ಹಾಗಾಗಿ ಅದರಲ್ಲಿ ಮಗಳು ಅಂತ ಇದ್ದರೆ ಮಗಳೇ. ಅದಕ್ಕಿಂತ ಹಿಂದಿನವುಗಳಲ್ಲಿ ಸುಮ್ನೆ ಹೆಸರುಗಳ ಸಾಲು ಇರುತ್ತದೆ. ಮಗಳೋ, ತಂಗಿಯೋ, ಕೆಲಸದ ಹುಡುಗಿಯೋ, ನಾವೇ ಬೇರೆ ದಾಖಲೆಯಿಂದ ಗಟ್ಟಿ ಮಾಡಿಕೊಳ್ಳಬೇಕು.

ಹೆತ್ತದ್ದು ನಾಲ್ಕು, ಉಳಿದದ್ದು ಮೂರು ಅನ್ನುವ ಆ ಎರಡು ಅಂಕಿಗಳ ಮುಂದೆ ನಾನು ಪ್ರತಿ ಸಲವೂ ಸ್ವಲ್ಪ ನಿಲ್ಲುತ್ತೇನೆ. ಹತ್ತು ಹೆತ್ತು ಐದು ಉಳಿದವರು ಬೇಕಾದಷ್ಟು ಸಿಗುತ್ತಾರೆ. ಎರಡು ಸೆನ್ಸಸ್ ನಡುವೆ ಹುಟ್ಟಿ ಸತ್ತ ಮಗು ಬದುಕಿತ್ತು ಅನ್ನುವುದಕ್ಕೆ ಎಷ್ಟೋ ಸಲ ಅದೊಂದೇ ಗುರುತು.

ಮದುವೆ ಪುಸ್ತಕ ಎಲ್ಲಿರುತ್ತದೆ ಅನ್ನುವುದು ರಾಜ್ಯಕ್ಕೊಂದು ಥರ. ಕೆಂಟಕಿಯಲ್ಲಿ ಕೌಂಟಿ ಕ್ಲರ್ಕ್ ಹತ್ತಿರ. ಇಂಡಿಯಾನಾದಲ್ಲಿ ಸರ್ಕ್ಯೂಟ್ ಕೋರ್ಟಿನ ಕ್ಲರ್ಕ್ ಹತ್ತಿರ. ನದಿ ದಾಟಿ ಓಹಾಯೊಗೆ ಬಂದರೆ ಉಯಿಲು-ಆಸ್ತಿ ವಿಷಯ ನೋಡುವ ಪ್ರೊಬೇಟ್ ಕೋರ್ಟಿನಲ್ಲಿ. ಪೆನ್ಸಿಲ್ವೇನಿಯಾದಲ್ಲಂತೂ ಕೌಂಟಿಯಿಂದ ಮದುವೆಗೆ ಲೈಸೆನ್ಸ್ ಕೊಡುವುದು ಶುರುವಾದದ್ದೇ 1885ರಲ್ಲಿ. ಅದಕ್ಕೂ ಹಿಂದಿನದ್ದಕ್ಕೆ ಚರ್ಚುಗಳಿಗೆ ಅಲೆಯಬೇಕು. ನಿಮಗೆ ಕೆಂಟಕಿ ಸಿಕ್ಕಿದ್ದು ಪುಣ್ಯ.

ಯಾಕೆಂದರೆ ಕೆಂಟಕಿಯ ಹಳೇ ಮದುವೆಗಳಲ್ಲಿ ಬಾಂಡ್ ಅಂತ ಒಂದಿದೆ. ಅದು ವರ್ಜೀನಿಯಾದಿಂದ ಬಂದ ಪದ್ಧತಿ, ಕೆಂಟಕಿ ಮೊದಲು ವರ್ಜೀನಿಯಾದ ಭಾಗವೇ ಆಗಿತ್ತು. ಈ ಮದುವೆಗೆ ಕಾನೂನಿನ ಅಡ್ಡಿ ಏನೂ ಇಲ್ಲ, ಇದ್ದರೆ ಇಷ್ಟು ಹಣ ಕಟ್ಟುತ್ತೇವೆ ಅಂತ ವರ ಬರೆದುಕೊಡಬೇಕು. ಜೊತೆಗೆ ಒಬ್ಬ ಜಾಮೀನುದಾರ. ನೀವು ನೋಡಬೇಕಾದ್ದು ಈ ಜಾಮೀನುದಾರನನ್ನು. ಹೆಚ್ಚಾಗಿ ಅವನು ವಧುವಿನ ಅಪ್ಪ, ಅಣ್ಣ ಅಥವಾ ಚಿಕ್ಕಪ್ಪ. 1850ಕ್ಕಿಂತ ಹಿಂದಿನ ಸೆನ್ಸಸ್‌ಗಳಲ್ಲಿ ಮನೆಯ ಯಜಮಾನನ ಹೆಸರು ಬಿಟ್ಟರೆ ಉಳಿದವರು ಬರೀ ಅಂಕಿಗಳು: ಇಷ್ಟು ವಯಸ್ಸಿನೊಳಗಿನ ಹೆಣ್ಣು ಎರಡು, ಗಂಡು ಮೂರು ಅಂತ. ಹೆಂಡತಿಗೂ ಹೆಸರಿಲ್ಲ. ಆಗ ಮಗಳನ್ನು ಅಪ್ಪನಿಗೆ ಸೇರಿಸಲು ಉಳಿಯುವ ಕೆಲವೇ ಕೊಂಡಿಗಳಲ್ಲಿ ಬಾಂಡಿನ ಮೇಲಿನ ಆ ಸಹಿ ಒಂದು. ಹುಡುಗಿಗೆ ವಯಸ್ಸು ಸಾಲದಿದ್ದರೆ ಅಪ್ಪ ಬರೆದ ಒಪ್ಪಿಗೆ ಚೀಟಿಯೂ ಜೊತೆಯಲ್ಲಿ ಸಿಗಬಹುದು.

ಇಲ್ಲಿ ಒಂದು ಎಚ್ಚರ. ಬಾಂಡಿನ ತಾರೀಖು ಮದುವೆಯ ತಾರೀಖಲ್ಲ. ಲೈಸೆನ್ಸ್ ತೆಗೆದುಕೊಂಡು ಮದುವೆಯಾಗದೇ ಹೋದವರೂ ಇದ್ದಾರೆ. ಮದುವೆ ಮಾಡಿಸಿದ ಪಾದ್ರಿ ಕ್ಲರ್ಕಿಗೆ ವಾಪಸ್ ಕಳಿಸಿದ ವರದಿಯಿದೆಯೇ ನೋಡಿ. ಇನ್ನೊಂದು, ವಧುವಿನ ಹೆಸರಿನ ಹಿಂದೆ ಮಿಸೆಸ್ ಅಂತ ಇದ್ದರೆ ಅದು ತವರಿನ ಸರ್‌ನೇಮ್ ಆಗಿರಲಿಕ್ಕಿಲ್ಲ, ಸತ್ತುಹೋದ ಮೊದಲ ಗಂಡನದ್ದು. ನಮ್ಮ ಅತ್ತೆಯವರ ಮುತ್ತಜ್ಜಿಯದ್ದು ಹೀಗೇ ಇತ್ತು. ಅವರ ಮೊದಲ ಮದುವೆಯ ಬಾಂಡ್ ಪಕ್ಕದ ಕೌಂಟಿಯಲ್ಲಿ ಸಿಕ್ಕಿದ ಮೇಲೆಯೇ ತವರು ಗೊತ್ತಾಯಿತು.

ಪಕ್ಕದ ಕೌಂಟಿ ಅಂದೆ ಅಲ್ವಾ? ಮದುವೆ ಸಾಮಾನ್ಯವಾಗಿ ಹುಡುಗಿಯ ಊರಿನ ಕೌಂಟಿಯಲ್ಲಿ ನಡೆಯುತ್ತಿತ್ತು. ಸಂಸಾರ ಹೂಡಿದ ಕೌಂಟಿಯಲ್ಲಿ ಸಿಗದಿದ್ದರೆ ಸುತ್ತಮುತ್ತ ನೋಡಿ. ಓಡಿಹೋದವರಾದರೆ ರಾಜ್ಯದ ಗಡಿಯಾಚೆ ನೋಡಿ. ಕೆಂಟಕಿಯ ಮೇಸ್‌ವಿಲ್ ಎದುರಿಗೆ, ಓಹಾಯೊ ನದಿಯ ಆಚೆ ದಡದಲ್ಲಿ ಅಬರ್ಡೀನ್ ಅನ್ನುವ ಪುಟ್ಟ ಊರಿದೆ. ಹೆಚ್ಚು ಪ್ರಶ್ನೆ ಕೇಳದೆ ಮದುವೆ ಮಾಡಿಸುತ್ತಿದ್ದ ಅಲ್ಲಿನ ನ್ಯಾಯಾಧಿಕಾರಿಗಳಿಂದಲೇ 19ನೇ ಶತಮಾನದಲ್ಲಿ ಆ ಊರು ಹೆಸರುವಾಸಿ. ದೋಣಿ ಹತ್ತಿ ಹೋಗಿ ಗಂಡಹೆಂಡಿರಾಗಿ ವಾಪಸ್ ಬಂದವರು ಲೆಕ್ಕವಿಲ್ಲ. ಆಮೇಲೆ ಇಂಡಿಯಾನಾದ ಕ್ರೌನ್ ಪಾಯಿಂಟ್‌ಗೂ ಅಂಥದ್ದೇ ಹೆಸರು ಬಂತು.

ಗಡಿಗಳೂ ಓಡಾಡುತ್ತವೆ. 1792ರಲ್ಲಿ ಕೆಂಟಕಿ ರಾಜ್ಯವಾದಾಗ ಇದ್ದದ್ದು 9 ಕೌಂಟಿ, ಈಗ 120. ಮನೆತನ ಒಂದೇ ಹೊಲದಲ್ಲಿ ಕೂತಿದ್ದರೂ ದಾಖಲೆ ಮೂರು ಕೌಂಟಿಗಳಲ್ಲಿ ಹಂಚಿಹೋಗಿರಬಹುದು. ಹೊಸ ಕೌಂಟಿ ಒಡೆದಾಗ ಹಳೇ ಪುಸ್ತಕಗಳು ಹಳೇ ಕೋರ್ಟಿನಲ್ಲೇ ಉಳಿಯುತ್ತವೆ. ಶಿಕಾಗೋದ ನ್ಯೂಬರಿ ಲೈಬ್ರರಿಯವರು ಕೌಂಟಿ ಗಡಿಗಳು ಯಾವ ತಾರೀಖಿಗೆ ಹೇಗಿದ್ದವು ಅಂತ ತೋರಿಸುವ ನಕ್ಷೆ ಮಾಡಿದ್ದಾರೆ, ಮೊದಲು ಅದನ್ನು ನೋಡಿ. ಕೋರ್ಟೇ ಸುಟ್ಟುಹೋದ ಕೌಂಟಿಗಳೂ ಇವೆ. ಅಲ್ಲಿ ಮರಣ ಪತ್ರ ಹಿಡಿಯಿರಿ. ಕೆಂಟಕಿಯಲ್ಲಿ 1911ರಿಂದ ರಾಜ್ಯದಾದ್ಯಂತ ಮರಣ ನೋಂದಣಿ ಇದೆ, ಸತ್ತವರ ತಾಯಿಯ ತವರಿನ ಸರ್‌ನೇಮ್‌ಗೂ ಅದರಲ್ಲಿ ಜಾಗವಿದೆ. ಆದರೆ ಅದನ್ನು ಹೇಳಿದವರು ದುಃಖದಲ್ಲಿದ್ದ ಮಗನೋ ಸೊಸೆಯೋ. ಅಜ್ಜಿಯ ಹೆಸರು ಅವರಿಗೆ ಸರಿಯಾಗಿ ಗೊತ್ತಿತ್ತು ಅನ್ನುವ ಗ್ಯಾರಂಟಿ ಇಲ್ಲ.

ಸೆನ್ಸಸ್‌ಗೂ ಇದೇ ಮಾತು. ಬಾಗಿಲಲ್ಲಿ ಸಿಕ್ಕವರು ಹೇಳಿದ್ದನ್ನು ಗಣತಿದಾರ ಕಿವಿಗೆ ಬಿದ್ದ ಹಾಗೆ ಬರೆದುಕೊಂಡ. ಯಾರು ಹೇಳಿದರು ಅಂತ ಸುತ್ತು ಹಾಕಿದ ಗುರುತು ಇರುವುದು 1940ರ ಪಟ್ಟಿಯಲ್ಲಿ ಮಾತ್ರ. ಹೆಂಗಸರ ವಯಸ್ಸು ಹತ್ತು ವರ್ಷಕ್ಕೆ ಏಳೇ ವರ್ಷ ಏರುವುದೂ ಉಂಟು, ಗಾಬರಿಯಾಗಬೇಡಿ. ಸ್ಪೆಲಿಂಗ್ ಬಗ್ಗೆ ಹಠ ಬೇಡ. ಸ್ಮಿತ್, ಸ್ಮೈತ್, ಶ್ಮಿಟ್ ಎಲ್ಲವನ್ನೂ ಒಂದೇ ಕಡೆ ಸೇರಿಸುವ ಸೌಂಡೆಕ್ಸ್ ಅನ್ನುವ ಕೋಡ್ ಇದಕ್ಕೆಂದೇ ಬಂತು. ಮೂರಕ್ಕೂ ಬರುವುದು ಎಸ್-530. ಪಾಲಿ ಅಂದರೆ ಮೇರಿ, ಸ್ಯಾಲಿ ಅಂದರೆ ಸಾರಾ, ಪ್ಯಾಟ್ಸಿ ಅಂದರೆ ಮಾರ್ಥಾ ಇರಬಹುದು. ಹಳೇ ಕಾಗದಗಳಲ್ಲಿ ಸೀನಿಯರ್, ಜೂನಿಯರ್ ಅಂತ ಇದ್ದರೆ ಅಪ್ಪ-ಮಗ ಅಂತ ತಿಳಿಯಬೇಡಿ, ಒಂದೇ ಊರಿನಲ್ಲಿ ಅದೇ ಹೆಸರಿನ ದೊಡ್ಡವನು, ಚಿಕ್ಕವನು ಅಷ್ಟೇ ಆಗಿರಬಹುದು. ವಲಸೆ ಬಂದವರು ಇಳಿಯುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ಐಲೆಂಡಿನಲ್ಲಿ ಅಧಿಕಾರಿ ಹೆಸರು ಬದಲಾಯಿಸಿದ ಅನ್ನುವ ಕಥೆಯನ್ನೂ ಪಕ್ಕಕ್ಕಿಡಿ. ಪ್ರಯಾಣಿಕರ ಪಟ್ಟಿ ಹಡಗು ಹೊರಟ ಬಂದರಿನಲ್ಲೇ ಬರೆಯಲ್ಪಟ್ಟಿರುತ್ತಿತ್ತು.

ಅಳಿಯನದ್ದು ಆಫ್ರಿಕನ್ ಅಮೆರಿಕನ್ ಕುಟುಂಬವಾದರೆ ದಾರಿ ಬೇರೆ. ಗುಲಾಮಗಿರಿಯಲ್ಲಿದ್ದವರನ್ನು 1850, 1860ರಲ್ಲಿ ಬೇರೆ ಪಟ್ಟಿಯಲ್ಲಿ ಎಣಿಸಿದರು: ಒಡೆಯನ ಹೆಸರು, ಅದರಡಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಹೆಸರು ಬರೆಯುವ ಗೋಜಿಗೇ ಹೋಗಲಿಲ್ಲ. ಅವರು ಹೆಸರಿನೊಂದಿಗೆ ಕಾಣುವ ಮೊದಲ ಸೆನ್ಸಸ್ 1870ರದ್ದು. ಕೆಂಟಕಿಯಲ್ಲಿ 1866ರ ಕಾಯ್ದೆ ಬಂದಮೇಲೆ, ಗುಲಾಮರಾಗಿದ್ದಾಗಲೇ ಗಂಡಹೆಂಡಿರಾಗಿ ಬಾಳಿದ ಜೋಡಿಗಳು ಕೌಂಟಿ ಕ್ಲರ್ಕ್ ಮುಂದೆ ಹೋಗಿ ತಮ್ಮ ಮದುವೆಯನ್ನು ಬರೆಸಿದರು. ಈ ಘೋಷಣೆ ಪುಸ್ತಕಗಳು ಇರುವ ಕೌಂಟಿಯಾದರೆ ಬಿಡಬೇಡಿ. 1870ರ ಗೋಡೆಯಾಚೆಗೆ ಕಿಂಡಿ ತೆರೆಯುವ ದಾಖಲೆಗಳಲ್ಲಿ ಅದೂ ಒಂದು.

ಜನಾಂಗದ ಕಾಲಂ ಬಗ್ಗೆ ನಮಗೆ ಸಂಬಂಧಪಟ್ಟ ಒಂದು ತಮಾಷೆ. 1930, 1940ರ ಸೆನ್ಸಸ್‌ನಲ್ಲಿ ಭಾರತೀಯರ ಜನಾಂಗ "ಹಿಂದೂ"! ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕೌಂಟಿಯಲ್ಲಿ ಹೊಲ ಮಾಡುತ್ತಿದ್ದ ಪಂಜಾಬಿ ಸಿಖ್ಖರೂ ಮುಸ್ಲಿಮರೂ ಹಿಂದೂಗಳೇ. ಬಿಳಿಯರನ್ನು ಮದುವೆಯಾಗಲು ಅಲ್ಲಿ ಕಾನೂನಿನ ತಡೆ ಇದ್ದದ್ದರಿಂದ ಅವರಲ್ಲಿ ಅನೇಕರು ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಆ ಮದುವೆಗಳೂ ಕೌಂಟಿ ಕ್ಲರ್ಕ್ ಪುಸ್ತಕಗಳಲ್ಲಿವೆ.

ಬೇರೆಯವರು ಇಂಟರ್‌ನೆಟ್ಟಿಗೆ ಹಾಕಿದ ರೆಡಿ ವಂಶವೃಕ್ಷಗಳನ್ನು ಸುಳಿವಾಗಿ ಮಾತ್ರ ಬಳಸಿ. ಫ್ಯಾಮಿಲಿಸರ್ಚ್‌ನ ಮರವನ್ನು ಯಾರು ಬೇಕಾದರೂ ತಿದ್ದಬಹುದು. ತಾಯಿಗಿಂತ ಮೊದಲೇ ಹುಟ್ಟಿದ ಮಕ್ಕಳನ್ನು ನಾನೇ ನೋಡಿದ್ದೇನೆ. ಪ್ರತಿ ಹೆಸರಿನ ಪಕ್ಕದಲ್ಲೂ ಯಾವ ಕೌಂಟಿ, ಯಾವ ಪುಸ್ತಕ, ಎಷ್ಟನೇ ಪುಟ ಅಂತ ಬರೆಯಿರಿ. ಆನ್‌ಲೈನ್‌ನಲ್ಲಿ ಸಿಗದ ಪುಟಕ್ಕೆ ಕ್ಲರ್ಕ್ ಆಫೀಸಿಗೆ ಹೆಸರು, ವರ್ಷ ಹಾಕಿ ಮೇಲ್ ಮಾಡಿ, ಸಣ್ಣ ಶುಲ್ಕ ಕೇಳಬಹುದು. ಮಗಳು-ಅಳಿಯ ಇಂಡಿಯಾನಾ ಹತ್ತಿರ ಇದ್ದರೆ ಫೋರ್ಟ್ ವೇನ್‌ನ ಆಲೆನ್ ಕೌಂಟಿ ಲೈಬ್ರರಿಗೆ ಒಂದು ದಿನ ಹೋಗಿಬರಲಿ. ವಂಶಾವಳಿ ಪುಸ್ತಕಗಳ ಸಂಗ್ರಹದಲ್ಲಿ ಅದು ದೇಶದಲ್ಲೇ ದೊಡ್ಡದರಲ್ಲಿ ಒಂದು.

ಇನ್ನು ನಮ್ಮ ಕಡೆಯದ್ದು. ಅಮೆರಿಕದ ಥರ ನಮ್ಮಲ್ಲಿ ಸೆನ್ಸಸ್ ಸಿಗುವುದಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯ ವಿವರ ಯಾರಿಗೂ ತೋರಿಸುವಂತಿಲ್ಲ, 72 ವರ್ಷ ಆದರೂ ಅಷ್ಟೇ. ಜಮೀನು ಇದ್ದ ಮನೆಯಾದರೆ ಹಳೇ ಪಹಣಿ, ಹಕ್ಕು ಬದಲಾವಣೆ ಪುಸ್ತಕ, ಕ್ರಯಪತ್ರಗಳಲ್ಲಿ ಅಪ್ಪ-ಮಗನ ಹೆಸರು ಸಿಗುತ್ತದೆ. ಹೆಣ್ಣುಮಕ್ಕಳು ಅಲ್ಲೂ ಕಾಣುವುದು ಕಡಿಮೆ. ಫೌತಿ ಖಾತೆಗೆಂದು ನಾಡಕಚೇರಿಯಲ್ಲಿ ಮಾಡಿಸಿದ ವಂಶವೃಕ್ಷ ಮನೆಯಲ್ಲಿದ್ದರೆ ಮೊದಲು ಅದನ್ನು ಹುಡುಕಿ ತೆಗೆಯಿರಿ. ನಿಮ್ಮ ಮೂಲ ಊರು ಉತ್ತರದ ಕಡೆಯದ್ದಾದರೆ ಹೆಳವರು ಬರುತ್ತಾರಾ ಕೇಳಿ. ಕೌಂಟಿ ಕ್ಲರ್ಕ್ ಕೆಲಸವನ್ನು ನಮ್ಮಲ್ಲಿ ಎತ್ತಿನ ಮೇಲೆ ಕೂತು ಮಾಡಿದವರು ಅವರೇ. ತಲೆತಲಾಂತರದಿಂದ ಒಕ್ಕಲು ಮನೆಗಳ ವಂಶಾವಳಿ ಬರೆದಿಟ್ಟು, ಬಂದಾಗ ಓದಿ ಹೇಳುತ್ತಾರೆ. ಪ್ರತಿ ವರ್ಷ ಬರುವುದಿಲ್ಲ, ಹಾಗಾಗಿ ಊರಲ್ಲಿರುವ ದಾಯಾದಿಗಳಿಗೆ ಈಗಲೇ ಒಂದು ಮಾತು ಹೇಳಿಡಿ. ಬಂದರೆ ನಿಮಗೆ ಫೋನ್ ಮಾಡಲಿ, ಓದುವುದನ್ನು ರೆಕಾರ್ಡ್ ಮಾಡಿಕೊಳ್ಳಲಿ.