ಮನೆ ಬೇಡ ಅನ್ನಬೇಡಿ, ಬದಲಿಸಿ ಕೊಡಿ ಅನ್ನಿ

ಪ್ರಶ್ನೆ: ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆ ಹತ್ತಿರ ಬಾಡಿಗೆ ಮನೆಯಲ್ಲಿದ್ದೇವೆ. ಯಜಮಾನರು ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಾರೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ನನ್ನ ಹೆಸರಿಗೆ ಊರಾಚೆ ಎರಡನೇ ಮಹಡಿಯ ಮನೆ ಬಂದಿದೆ. ಅತ್ತೆಗೆ ಪಾರ್ಶ್ವವಾಯು ಆಗಿದೆ, ಮೆಟ್ಟಿಲು ಹತ್ತಲು ಆಗಲ್ಲ. ‘ಪುಕ್ಕಟೆ ಮನೆಗೂ ಇವರ ನಖರಾ ನೋಡಿ’ ಅಂತ ನೆಂಟರು ಆಡಿಕೊಳ್ಳುತ್ತಾರೆ. ಬೇಡ ಅಂದರೆ ಮುಂದೆ ಯಾವತ್ತೂ ಮನೆ ಸಿಗಲ್ಲವಂತೆ, ನಿಜವೇ?

ಉತ್ತರ: ಮೊದಲು ನೆಂಟರ ಮಾತು ಬಿಡಿ. ಈ ಮನೆ ಪುಕ್ಕಟೆ ಅಲ್ಲ. 2015ರಲ್ಲಿ ಶುರುವಾದ ಈ ಯೋಜನೆಯಲ್ಲಿ ಇಂಥ ವಸತಿ ಸಮುಚ್ಚಯದ ಮನೆಗೆ ಕೇಂದ್ರ ಕೊಡುವುದು ₹1.5 ಲಕ್ಷ. ರಾಜ್ಯದ ಪಾಲು ಕಳೆದು ಉಳಿದದ್ದನ್ನು ನೀವೇ ಹೊಂದಿಸಬೇಕು. ಹೆಚ್ಚಿನವರು ಅದಕ್ಕೆ ಬ್ಯಾಂಕ್ ಸಾಲ ಮಾಡುತ್ತಾರೆ. ಸಾಲ ತೀರಿಸುವುದು ತಳ್ಳುಗಾಡಿಯ ದುಡಿಮೆ ತಾನೇ? ಬೆಳಗಿನ ಜಾವ ತರಕಾರಿ ಎತ್ತುವ ಹೊತ್ತಿಗೆ ಊರಾಚೆಯಿಂದ ಬರುವುದು ಹೇಗೆ ಎಂದು ಯೋಚಿಸುವುದು ನಖರಾ ಅಲ್ಲ. ಶಕ್ತಿ ಯೋಜನೆಯಲ್ಲಿ ನಿಮಗೆ ಸರ್ಕಾರಿ ಬಸ್ಸು ಉಚಿತ, ಆದರೆ ನಿಮ್ಮ ಯಜಮಾನರಿಗಲ್ಲ. ನಮ್ಮ ಮಲೆನಾಡಿನ ಕಡೆ ಜಾಸ್ತಿ ಓಡುವ ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದೂ ಇಲ್ಲ. ಕೊಟ್ಟ ಮನೆಗೆ ಜನ ಹೋಗದೆ ಖಾಲಿ ಬಿದ್ದಿರುವ ಬಗ್ಗೆ ಸಂಸತ್ತಿನ ಸ್ಥಾಯಿ ಸಮಿತಿಯೇ 2023ರಲ್ಲಿ ಹೇಳಿದೆ. ಮೂಲಸೌಕರ್ಯ ಇಲ್ಲದಿರುವುದು ಅದಕ್ಕೊಂದು ಮುಖ್ಯ ಕಾರಣ. ನಿಮ್ಮಂಥ ಕುಟುಂಬಗಳು ದೇಶದ ತುಂಬಾ ಇವೆ.

ಇನ್ನು ನಿಮ್ಮ ಭಯದ ವಿಷಯ. ಅದು ಸುಳ್ಳಲ್ಲ. ಇದೇ ಯೋಜನೆಯ ಎರಡನೇ ಹಂತವಾಗಿ 2024ರಲ್ಲಿ ಬಂದ ಆವಾಸ್ 2.0ದ ನಿಯಮ ಗಮನಿಸಿ. ಹಳೆಯ ಯೋಜನೆಯಲ್ಲಿ ಮಂಜೂರಾದ ಮನೆ 2023ರ ಡಿಸೆಂಬರ್ 31ರ ನಂತರ ರದ್ದಾಗಿದ್ದರೆ, ಆ ಫಲಾನುಭವಿಗೆ ಹೊಸದರಲ್ಲಿ ಮನೆ ಇಲ್ಲ. ಅದಕ್ಕೇ ನಾನು ಒತ್ತಿ ಹೇಳುವುದು: ‘ನಮಗೆ ಬೇಡ’ ಎಂದು ಎಲ್ಲೂ ಬರೆದು ಸಹಿ ಹಾಕಬೇಡಿ. ಯಾರಾದರೂ ‘ಸುಮ್ನೆ ಇಲ್ಲೊಂದು ಸಹಿ ಹಾಕಿ’ ಅಂದರೂ ಓದದೆ ಹಾಕಬೇಡಿ. ‘ಕೆಳಗಿನ ಮನೆಗೆ ಬದಲಿಸಿ ಕೊಡಿ’ ಎಂದು ಬರೆಯಿರಿ. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಹಾಗೆ ಕೇಳುವುದಕ್ಕೆ ಆಧಾರವೂ ಇದೆ. ಅಂಗವಿಕಲರು, ಹಿರಿಯರು ಇರುವ ಕುಟುಂಬಗಳಿಗೆ ಸಾಧ್ಯವಾದಷ್ಟು ನೆಲಮಹಡಿ ಅಥವಾ ಕೆಳಗಿನ ಮಹಡಿಯಲ್ಲೇ ಮನೆ ಕೊಡಬೇಕು ಎಂದು ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಒಂದು ತೊಡಕು ಬರಬಹುದು. ಈ ಯೋಜನೆಯ ಲೆಕ್ಕದಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಅಷ್ಟೇ. ‘ಅತ್ತೆ ನಿಮ್ಮ ಕುಟುಂಬದಲ್ಲಿ ಬರಲ್ಲ’ ಅಂದಾರು. ಅದಕ್ಕೆ ಅತ್ತೆಯ ಹೆಸರಿರುವ ಪಡಿತರ ಚೀಟಿ, ಆಧಾರ್ ಮತ್ತು ವೈದ್ಯರ ಪತ್ರ ಜೊತೆಗಿಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಅಂಗವಿಕಲರ ಗುರುತಿನ ಚೀಟಿ ಮಾಡಿಸಿದರೆ ಇನ್ನೂ ಗಟ್ಟಿ.

ಅರ್ಜಿಯ ಒಂದು ಪ್ರತಿ ಮನೆ ಹಂಚಿದ ಕಚೇರಿಗೆ, ಇನ್ನೊಂದು ನಿಮ್ಮ ಶಾಸಕರಿಗೆ. ನಗರದಲ್ಲಿ ಫಲಾನುಭವಿಗಳನ್ನು ಆರಿಸುವ ಆಶ್ರಯ ಸಮಿತಿಗೆ ಅವರೇ ಅಧ್ಯಕ್ಷರು. ಎರಡೂ ಕಡೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ನೆಲಮಹಡಿಯ ಮನೆಗಳು ಯಾರಿಗೆ ಹಂಚಿಕೆಯಾಗಿವೆ, ಯಾವುದು ಖಾಲಿ ಇದೆ ಎಂದು ಕೇಳಿ. 30 ದಿನದೊಳಗೆ ತಿಳಿಸಬೇಕು. ಅದೇ ಸಮುಚ್ಚಯದಲ್ಲಿ ಮೇಲಿನ ಮನೆಗೆ ಹೋಗಲು ಒಪ್ಪುವ ಕುಟುಂಬ ಸಿಕ್ಕರೆ ಇಬ್ಬರೂ ಸೇರಿ ಅರ್ಜಿ ಕೊಡಬಹುದು. ಆದರೆ ಕಚೇರಿಯ ಆದೇಶವಿಲ್ಲದೆ ಕೀಲಿ ಬದಲಿಸಿಕೊಳ್ಳಬೇಡಿ. ಮನೆ ತೆಗೆದುಕೊಂಡು ಬೇರೆಯವರಿಗೆ ಬಾಡಿಗೆಗೆ ಕೊಡುವ ಆಸೆಯೂ ಬೇಡ, ಹಂಚಿಕೆ ರದ್ದಾದೀತು.

ಕೆಳಗಿನ ಮನೆ ಸಿಕ್ಕರೂ ಯಜಮಾನರ ದುಡಿಮೆಯ ಪ್ರಶ್ನೆ ಉಳಿಯುತ್ತದೆ, ಅಲ್ವಾ? ಅದಕ್ಕೆ ನನ್ನ ಬಳಿ ನೇರ ಪರಿಹಾರವಿಲ್ಲ. ಈಗಿನ ಬಾಡಿಗೆ ಒಂದು ಕಡೆ, ಸಾಲದ ಕಂತು, ಓಡಾಟ, ಗಾಡಿ ಇಡುವ ಜಾಗದ ಖರ್ಚು ಇನ್ನೊಂದು ಕಡೆ ಬರೆದು ನೋಡಿ. ಕಾಫಿ ಎಸ್ಟೇಟಿನ ಮಾಲೀಕರು ಕೊಟ್ಟ ಲೈನ್ ಮನೆಯಲ್ಲಿರುವ ಕಾರ್ಮಿಕರು ಕೇಳಿದಾಗ ನಾನು ಕಣ್ಣು ಮುಚ್ಚಿ ‘ತೆಗೆದುಕೊಳ್ಳಿ’ ಅನ್ನುತ್ತೇನೆ. ಕೆಲಸ ಬಿಟ್ಟ ದಿನ ಅವರ ಸೂರೂ ಹೋಗುತ್ತದೆ. ನಿಮ್ಮ ವಿಷಯದಲ್ಲಿ ಮಾತ್ರ ಬದಲಿ ಅರ್ಜಿಗೆ ಉತ್ತರ ಬರುವವರೆಗೆ ಈಗಿನ ಬಾಡಿಗೆ ಮನೆ ಬಿಡಬೇಡಿ.