‘ಪೆಸಿಮಿಸ್ಟಿಕ್’ ಅಂದರೆ ನಿರಾಸೆಯಾಗಿದೆ ಅಂತಲೇ?

‘ಐ ಆಮ್ ಪೆಸಿಮಿಸ್ಟಿಕ್’ ಅನ್ನುವುದನ್ನು ‘ನನಗೆ ನಿರಾಸೆಯಾಗಿದೆ’ ಎಂದು ಬರೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಹಾಗೆ ಬರೆದರೆ ಕಾಲವೇ ತಿರುಗುಮುರುಗಾಗುತ್ತದೆ. ರಿಸಲ್ಟ್ ಬಂತು, ಅಂಕ ಕಡಿಮೆ, ನಿರಾಸೆಯಾಯಿತು: ಇದು ‘ಡಿಸಪಾಯಿಂಟೆಡ್’. ರಿಸಲ್ಟ್ ಇನ್ನೂ ಬಂದೇ ಇಲ್ಲ, ಆಗಲೇ ‘ಪಾಸಾಗೋದು ಕಷ್ಟ ಬಿಡು’ ಅಂದರೆ ಅದು ಪೆಸಿಮಿಸಂ. ನಿರಾಸೆ ಆದದ್ದರ ಬಗ್ಗೆ, ಪೆಸಿಮಿಸಂ ಆಗಲಿರುವುದರ ಬಗ್ಗೆ.

ಮೂಲ ಲ್ಯಾಟಿನ್ನಿನ ‘ಪೆಸಿಮಸ್’. ಬರೀ ಕೆಟ್ಟದ್ದಲ್ಲ, ಎಲ್ಲಕ್ಕಿಂತ ಕೆಟ್ಟದ್ದು ಎಂದರ್ಥ. ‘ಆಪ್ಟಿಮಸ್’ ಇದರ ವಿರುದ್ಧ ಪದ.

ನಿಘಂಟುಗಳ ‘ನಿರಾಶಾವಾದ’ ತಪ್ಪಲ್ಲ. ಶೋಪೆನ್‌ಹವರ್‌ನಂಥ ತತ್ವಜ್ಞಾನಿಯ ವಿಚಾರಕ್ಕೆ ಅದೇ ಸರಿಯಾದ ಪದ, ಅಲ್ಲಿ ನಿಜಕ್ಕೂ ಒಂದು ವಾದವಿದೆ. ಆದರೆ ‘ಈ ಸಲದ ಮಳೆ ಬಗ್ಗೆ ರೈತರು ಪೆಸಿಮಿಸ್ಟಿಕ್ ಆಗಿದ್ದಾರೆ’ ಎಂಬುದಕ್ಕೆ ‘ರೈತರು ನಿರಾಶಾವಾದಿಗಳಾಗಿದ್ದಾರೆ’ ಎಂದರೆ ಅವರ ಸ್ವಭಾವವನ್ನೇ ದೂರಿದಂತಾಗುತ್ತದೆ. ನಾನಾದರೆ ‘ಮಳೆ ಚೆನ್ನಾಗಿ ಆದೀತು ಎಂಬ ಭರವಸೆ ರೈತರಿಗಿಲ್ಲ’ ಎಂದು ಬರೆಯುತ್ತೇನೆ. ಮಾತಿನಲ್ಲಾದರೆ ‘ಯಾಕೋ ನಂಬಿಕೆ ಇಲ್ಲ’, ‘ಇದು ಆಗೋ ಹೋಗೋ ಮಾತಲ್ಲ’. ಕೆಟ್ಟದ್ದನ್ನು ಮುಂಚೆಯೇ ಬಾಯಿಬಿಟ್ಟು ಹೇಳಿದವರಿಗೆ ಮನೆಯ ಹಿರಿಯರು ‘ಬಿಡ್ತು ಅನ್ನು’ ಅನ್ನುತ್ತಾರಲ್ಲ, ಅವರಿಂದ ಹಾಗೆ ಅನ್ನಿಸುವ ಮಾತೇ ಪೆಸಿಮಿಸ್ಟಿಕ್ ಮಾತು.

ವ್ಯಾಕರಣದಲ್ಲಿ ಜಾರುವ ಜಾಗ ಒಂದೇ. ‘ಹಿ ಈಸ್ ವೆರಿ ಪೆಸಿಮಿಸ್ಟ್’ ತಪ್ಪು. ಪೆಸಿಮಿಸ್ಟ್ ಎಂದರೆ ವ್ಯಕ್ತಿ, ನಾಮಪದ. ಅದಕ್ಕೆ ‘ವೆರಿ’ ಹತ್ತುವುದಿಲ್ಲ. ‘ಹಿ ಈಸ್ ಎ ಪೆಸಿಮಿಸ್ಟ್’ ಅನ್ನಿ, ಇಲ್ಲವೇ ‘ಹಿ ಈಸ್ ವೆರಿ ಪೆಸಿಮಿಸ್ಟಿಕ್’. ಯಾವುದರ ಬಗ್ಗೆ ಎಂದು ಹೇಳಲು ‘ಅಬೌಟ್’ ಸೇರಿಸಿ.

ಇದನ್ನು ‘ಡಿಪ್ರೆಸ್ಡ್’ ಜೊತೆ ಬೆರೆಸಬೇಡಿ. ಖಿನ್ನತೆ ಕಾಯಿಲೆಯೂ ಆಗಿರಬಹುದು, ಚಿಕಿತ್ಸೆ ಬೇಕಾಗಬಹುದು. ‘ಸ್ಕೆಪ್ಟಿಕಲ್’ ಆದವರು ಪುರಾವೆ ಕೇಳುತ್ತಾರೆ, ಸಿಕ್ಕರೆ ಒಪ್ಪುತ್ತಾರೆ. ‘ಸಿನಿಕಲ್’ ಆದವರಿಗೆ ಅನುಮಾನ ಜನರ ಉದ್ದೇಶದ ಮೇಲೆ.

ಇನ್ನು ನೀವು ಕಳಿಸಿದ ಎರಡನೇ ವಾಕ್ಯದಲ್ಲಿರುವ ‘ಪೆಸಿಮಿಸ್ಟಿಕ್ ಎಸ್ಟಿಮೇಟ್’. ಇಲ್ಲಿ ಮನಸ್ಸಿನ ಮಾತೇ ಇಲ್ಲ. ಯೋಜನೆ ಹಾಕುವ ‘ಪರ್ಟ್’ ವಿಧಾನದಲ್ಲಿ ಒಂದು ಕೆಲಸಕ್ಕೆ ಮೂರು ಅಂದಾಜು ಹಾಕುತ್ತಾರೆ. ಮನೆಗೆ ಸುಣ್ಣಬಣ್ಣ ಮಾಡಿಸಬೇಕು ಅನ್ನಿ. ಎಲ್ಲ ಸರಿಯಾಗಿ ನಡೆದರೆ 10 ದಿನ, ಸಾಮಾನ್ಯವಾಗಿ 13, ಮಳೆ ಹಿಡಿದು ಆಳೂ ಕೈಕೊಟ್ಟರೆ 22. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು: 10+52+22=84, ಅಂದರೆ 14 ದಿನ. ಆ 22 ಪೆಸಿಮಿಸ್ಟಿಕ್ ಅಂದಾಜು. ಇದನ್ನು ‘ನಿರಾಶಾವಾದಿ ಅಂದಾಜು’ ಎಂದರೆ ಓದುವವರಿಗೆ ಏನೂ ಹೊಳೆಯುವುದಿಲ್ಲ. ‘ಎಲ್ಲ ಕೈಕೊಟ್ಟರೆ 22 ದಿನ’ ಎಂದೇ ಬರೆಯಿರಿ.